ಮೊಹಿದ್ದೀನ್ ಸಾಹೇಬರು ಸರಾಸರಿ ತೆಗೆದ ಕಥೆ

ಈ ಕಥೆಯನ್ನು ಮೊದಲು ಹೇಳಿದವರು ಬಣಕಲ್‌ನ ಸುಗ್ರಾ ಬೀ. ಹೇಳಿದ್ದು 2024ರ ಮಾರ್ಚ್ ತಿಂಗಳ ಒಂದು ಸಂಜೆ, ಅವರ ಯಜಮಾನ ಮೊಹಿದ್ದೀನ್ ಸಾಹೇಬರ ಕಾಫಿ ಕಣದಲ್ಲಿ. ಹೆದ್ದಾರಿಗೆ ಮುಖ ಮಾಡಿದ ಗೋದಾಮಿನ ಹಿಂದೆ ಸಿಮೆಂಟಿನ ಕಣವಿದೆ. ಅಲ್ಲಿ ಹೆಂಗಸರು ಗುಂಪಾಗಿ ಕುಳಿತು ಕಾಫಿ ಆರಿಸುತ್ತಾರೆ; ಕರಿಕಾಳು ಒಂದು ಕಡೆ, ಒಡಕು ಕಾಳು ಇನ್ನೊಂದು ಕಡೆ. ಕೈಗೆ ಕೆಲಸವಿದ್ದರೂ ಕಿವಿ ಬಿಡುವಾಗಿರುತ್ತದೆ. ಅಂದು ರಂಗಮ್ಮ ಎಂಬಾಕೆ, "ಅಮ್ಮಾ, ನಿಮ್ಮ ಸಾಹೇಬ್ರು ಡಾಕ್ಟ್ರಿಗೇ ಲೆಕ್ಕ ಹೇಳ್ಕೊಟ್ರಂತಲ್ಲ, ಅದೇನು ಸಮಾಚಾರ?" ಎಂದು ಕೆಣಕಿದ್ದರಿಂದ ಕಥೆ ಹೊರಟಿತು. ಸುಗ್ರಾ ಬೀ ಅವರ ಮನೆಮಾತು ಉರ್ದು. ಕಣದಲ್ಲಿ ಅವರು ಆಡುವುದು ಕನ್ನಡ. ತಾವು ಕಣ್ಣಾರೆ ಕಾಣದ ಭಾಗವನ್ನೂ ಸೊಸೆ ಶಬನಂ ಮನಸ್ಸಿನಲ್ಲಿ ಅಂದುಕೊಂಡದ್ದನ್ನೂ ಸೊಸೆಯ ಬಾಯಿಂದಲೇ ಕೇಳಿ ತಿಳಿದದ್ದು ಎಂದು ಅವರು ಮೊದಲೇ ಸ್ಪಷ್ಟಪಡಿಸಿದರು. ಇಲ್ಲಿರುವುದು ಅವರು ಹೇಳಿದ ಕ್ರಮದಲ್ಲಿಯೇ ಇದೆ.

ಕಳಸದ ಹುಡುಗಿ ಶಬನಂ, ಬಣಕಲ್‌ನ ಕಾಫಿ ವ್ಯಾಪಾರಿ ಮೊಹಿದ್ದೀನ್ ಸಾಹೇಬರ ಮಗ ನಿಯಾಜ್‌ನನ್ನು ಮದುವೆಯಾಗಿ ಬಂದು ನಾಲ್ಕು ವರ್ಷವಾಗಿತ್ತು. ಮಕ್ಕಳಾಗಿರಲಿಲ್ಲ. ಮನೆಯಲ್ಲಿ ಯಾರೂ ಅವಳನ್ನು ನೋಯಿಸುವ ಮಾತು ಆಡಿದವರಲ್ಲ. ನೋಯಿಸಬಾರದೆಂದು ಅವರು ಪಡುತ್ತಿದ್ದ ಪಾಡೇ ಅವಳಿಗೆ ನೋವಾಗುತ್ತಿತ್ತು. ಟಿವಿಯಲ್ಲಿ ತೊಟ್ಟಿಲು ಕಂಡರೆ ಸಾಕು, ಅತ್ತೆ ಚಾನೆಲ್ ಬದಲಿಸಿಬಿಡುತ್ತಿದ್ದರು. ಹೊಸ ಚಾನೆಲಿನಲ್ಲಿ ಯುದ್ಧದ ಸುದ್ದಿ ಬರುತ್ತಿದ್ದರೂ ಎಲ್ಲರೂ ಬಹಳ ಆಸಕ್ತಿಯಿಂದ ಅದನ್ನೇ ನೋಡುತ್ತಿದ್ದರು.

ಆಗ, 2022ರ ಮಳೆಗಾಲದಲ್ಲಿ, ಗಂಡಹೆಂಡಿರಿಬ್ಬರೂ ಚಿಕ್ಕಮಗಳೂರಿನ ಡಾಕ್ಟರ್ ಯಶೋದಾ ಅವರ ಬಳಿ ಹೋಗಿದ್ದರು. ಡಾಕ್ಟರು ಮೊದಲು ನಿಯಾಜ್‌ನ ಪರೀಕ್ಷೆ ಮಾಡಿಸಿದರು, ಅದು ಸರಿಯಾಗಿತ್ತು. ಆಮೇಲೆ ಶಬನಂಗೆ ಗರ್ಭನಾಳದ ಎಕ್ಸ್‌ರೇ ಬರೆದುಕೊಟ್ಟರು. ಗರ್ಭಕೋಶದ ಎರಡು ಕಡೆಯೂ ನೂಲಿನಷ್ಟು ಸಣ್ಣ ನಾಳಗಳಿರುತ್ತವೆ, ಹೆಣ್ಣಿನ ಬೀಜ ಅವುಗಳೊಳಗಿಂದಲೇ ಬರಬೇಕು. ಕೆಳಗಿನಿಂದ ಒಂದು ಔಷಧ ಹಾಕಿ ಚಿತ್ರ ತೆಗೆದರೆ ಔಷಧ ಎಲ್ಲಿಯವರೆಗೆ ಹೋಯಿತು ಎಂಬುದು ಬೆಳ್ಳಗೆ ಕಾಣುತ್ತದೆ ಎಂದು ವಿವರಿಸಿದರು.

ಎಕ್ಸ್‌ರೇ ತೆಗೆದದ್ದು ಬೇರೆ ಕಡೆ. ಅಂದು ಜಡಿಮಳೆ. ತಣ್ಣನೆಯ ಮೇಜಿನ ಮೇಲೆ ಮಲಗಿದ ಶಬನಂ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ಮೈಯೆಲ್ಲ ಕಲ್ಲು ಮಾಡಿಕೊಂಡಿದ್ದಳು. ಔಷಧ ಒಳಗೆ ಹೋಗುವಾಗ ಹೊಟ್ಟೆಯನ್ನು ಯಾರೋ ಹಿಂಡಿದಂತಾಯಿತು. ಮಧ್ಯಾಹ್ನ ಫಿಲ್ಮ್ ಕೈಗೆ ಬಂತು. ಕಪ್ಪು ಹಾಳೆಯ ನಡುವೆ ಬೆಳ್ಳಗಿನ ಒಂದು ತ್ರಿಕೋನ ಮಾತ್ರ ಇತ್ತು. ಅದರ ಮೇಲಿನ ಎರಡು ಮೂಲೆಗಳಿಂದ ಹೊರಡಬೇಕಾಗಿದ್ದ ಎಳೆಗಳು ಇರಲಿಲ್ಲ. ಎರಡೂ ನಾಳ ಬುಡದಲ್ಲೇ ಮುಚ್ಚಿವೆ ಎಂದು ಜೊತೆಗಿದ್ದ ಹಾಳೆ ಹೇಳಿತು. ಡಾಕ್ಟರು ಅಂದು ಊರಲ್ಲಿರಲಿಲ್ಲ. ನಿಯಾಜ್ ಜೀಪು ನಡೆಸುತ್ತಲೇ ಅದನ್ನು ಎರಡು ಸಲ ಓದಿದ.

ಈಗ ಆ ಮನೆಯ ಒಂದು ಪದ್ಧತಿಯನ್ನು ಹೇಳಬೇಕು. ಇಲ್ಲವಾದರೆ ಮುಂದಿನದು ಅರ್ಥವಾಗದು. ಮಾವನ ಎದುರು ಸೊಸೆಯ ಹೊಟ್ಟೆಯೊಳಗಿನ ವಿಚಾರ ಆಡುವುದು ಅಲ್ಲಿ ನಾಚಿಕೆಯ ಮಾತು. ಹಾಗೆಂದು ಮೊಹಿದ್ದೀನ್ ಸಾಹೇಬರಿಂದ ಮುಚ್ಚಿಡುವಂತೆಯೂ ಇರಲಿಲ್ಲ. ಮನೆಯ ಹಿರಿಯರು, ಸೊಸೆಯೆಂದರೆ ಜೀವ. ಅದಕ್ಕೆ ಅವರೇ ಒಂದು ದಾರಿ ಕಂಡುಕೊಂಡರು. ಆ ಸಂಜೆ ಊಟಕ್ಕೆ ಕುಳಿತಾಗ ಗೋಡೆಯ ಕಡೆ ಮುಖ ತಿರುಗಿಸಿ ಹೆಂಡತಿಯನ್ನು ಕೇಳಿದರು: "ಸುಗ್ರಾ, ಇವತ್ತು ಚಿಕ್ಕಮಗಳೂರಿಗೆ ಎರಡು ಮೂಟೆ ಟೆಸ್ಟಿಗೆ ಹೋಗಿತ್ತಲ್ಲ. ಏನಾಯ್ತು?"

ಸುಗ್ರಾ ಬೀಗೆ ಒಂದು ಕ್ಷಣ ಹೊಳೆಯಲಿಲ್ಲ. ಹೊಳೆದ ಮೇಲೆ ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ಎರಡೂ ಫೇಲ್ ಅಂತೆ ಕಣ್ರೀ" ಎಂದರು.

"ಎಡದ್ದೂ?"

"ಎಡದ್ದೂ, ಬಲದ್ದೂ."

ಸಾಹೇಬರು ಅನ್ನದಲ್ಲಿ ಕೈ ಆಡಿಸುತ್ತ ಬಹಳ ಹೊತ್ತು ಕುಳಿತರು. ಅಂದಿನಿಂದ ಆ ಮನೆಯಲ್ಲಿ ಗರ್ಭನಾಳಕ್ಕೆ ಮೂಟೆ ಎಂದೇ ಹೆಸರಾಯಿತು.

ಸುದ್ದಿ ಆಲ್ದೂರಿಗೂ ಹೋಯಿತು. ನಿಯಾಜ್‌ನ ಅಕ್ಕ ಫರ್ಹತ್‌ಳನ್ನು ಅಲ್ಲಿಯ ಮೆಕ್ಯಾನಿಕ್ ಉಬೈದ್‌ಗೆ ಕೊಟ್ಟಿತ್ತು. ಅವಳಿಗೆ ಎರಡು ಗಂಡು ಮಕ್ಕಳು. ಆಗ ಮೂರನೆಯದು ಹೊಟ್ಟೆಯಲ್ಲಿ, ನಾಲ್ಕನೇ ತಿಂಗಳು. ಫರ್ಹತ್ ಎಂದರೆ ಮೊದಲು ಮಾತು, ಆಮೇಲೆ ಯೋಚನೆ. ಸುದ್ದಿ ಕೇಳಿದ ವಾರವೇ ಬಸ್ಸು ಹತ್ತಿ ಬಂದು, ಚಪ್ಪಲಿ ಬಿಡುವ ಮುಂಚೆ ಶಬನಂಳ ಎರಡೂ ಕೈ ಹಿಡಿದುಕೊಂಡಳು.

"ನೋಡು, ಅಳಬೇಡ. ನನಗೆ ಎರಡು ಸಾಕು. ಇದು ನಿನ್ನದು. ಹುಟ್ಟಿದ ಕೂಡ್ಲೆ ನಿನ್ನ ಮಡಿಲಿಗೆ ಹಾಕ್ತೀನಿ."

"ಆಪಾ, ಅಕ್ಕಾ, ಅದು ಹೇಗೆ…"

"ಹೇಗೂ ಇಲ್ಲ ಗೀಗೂ ಇಲ್ಲ. ಉಬೈದ್ ಒಪ್ಪಿದಾರೆ. ಆದ್ರೆ ಒಂದು ಮಾತು. ಹೆರಿಗೆಗೆ ಮುಂಚೆ ನೀನು ಹ್ಞೂಂ ಅನ್ನಬೇಕು. ಒಂದು ಸಲ ಹಾಲು ಕುಡಿಸಿಬಿಟ್ರೆ ಆಮೇಲೆ ಕೊಡೋಕೆ ನನ್ನ ಕೈಲಾಗಲ್ಲ."

ಸುಗ್ರಾ ಬೀ ಅತ್ತರು, ಫರ್ಹತ್ ಅತ್ತಳು, ಸಾಹೇಬರು ಗೋದಾಮಿಗೆ ಹೋಗಿ ಸುಮ್ಮನೆ ಚೀಲಗಳ ಬಾಯಿ ಬಿಚ್ಚಿ ಮತ್ತೆ ಕಟ್ಟಿದರು. ಶಬನಂ ಮಾತ್ರ ಹ್ಞೂಂ ಅನ್ನಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಸಂಜೆ ಫರ್ಹತ್‌ಳನ್ನು ಬಸ್ಸಿಗೆ ಬಿಡಲು ಹೋದಾಗ ಅವಳು ಒಂದು ಸಂಗತಿ ಕಂಡಳು. ಬಸ್ಸು ಕಾಯುತ್ತ ಬೆಂಚಿನ ಮೇಲೆ ಕುಳಿತಿದ್ದ ಫರ್ಹತ್ ಯಾರೂ ನೋಡುತ್ತಿಲ್ಲವೆಂದುಕೊಂಡು ಹೊಟ್ಟೆಯ ಮೇಲೆ ಕೈಯಿಟ್ಟು ಏನೋ ಪಿಸುಗುಟ್ಟಿ ಮುಗುಳ್ನಕ್ಕಳು. ಕೊಟ್ಟುಬಿಡುವ ಮಗುವಿನೊಂದಿಗೆ ಯಾರೂ ಹಾಗೆ ಮಾತಾಡುವುದಿಲ್ಲ. ತನಗೆ ನಿಜವಾಗಿ ದಾರಿಯೇ ಇಲ್ಲವಾದರೆ ಮಾತು ಬೇರೆ, ಆಗ ತಲೆಬಾಗಿ ತೆಗೆದುಕೊಳ್ಳಬಹುದು. ದಾರಿ ಇದ್ದೂ ಇನ್ನೊಬ್ಬಳ ಎದೆಯಿಂದ ಮಗು ಕಿತ್ತುಕೊಂಡಂತಾದರೆ ಏನು ಗತಿ ಎಂದು ಶಬನಂಗೆ ಅಂದು ಅನಿಸಿತು. ಫರ್ಹತ್‌ಳ ಹೆರಿಗೆಯಾಗುವುದರೊಳಗೆ ತನಗೆ ಸತ್ಯ ತಿಳಿಯಬೇಕು. ಅವಳ ಮನಸ್ಸಿನಲ್ಲಿ ಅಷ್ಟೇ ಉಳಿಯಿತು.

ಡಾಕ್ಟರ್ ಯಶೋದಾ ಊರಿಗೆ ಮರಳಿದ ಮೇಲೆ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡಿದರು.

"ಔಷಧ ಮೂಲೆಯಲ್ಲೇ ನಿಂತಿದೆ. ಅಷ್ಟು ನಿಜ. ಯಾಕೆ ನಿಂತಿದೆ ಅನ್ನೋದನ್ನ ಈ ಚಿತ್ರ ಹೇಳಲ್ಲಮ್ಮ. ಮುಚ್ಚಿಹೋಗಿದ್ರೂ ಹೀಗೇ ಕಾಣತ್ತೆ. ಹೆದರಿಕೆಗೆ, ನೋವಿಗೆ ನಾಳದ ಬುಡ ಬಿಗಿದುಕೊಂಡಿದ್ರೂ ಹೀಗೇ ಕಾಣತ್ತೆ. ಅವತ್ತು ಹೆದರಿದ್ಯಾ?"

"ಹೆದರಿದ್ದೆ ಮೇಡಂ."

"ಎಷ್ಟು?"

"ಪೂರ್ತಿ."

ಡಾಕ್ಟರು ನಕ್ಕರು. ಮುಂದಿನ ತಿಂಗಳು ಬೇರೆ ಪರೀಕ್ಷೆ ಮಾಡೋಣ, ಎಕ್ಸ್‌ರೇ ಅಲ್ಲ, ಸ್ಕ್ಯಾನಿಂಗ್. ಬೆಚ್ಚಗಿನ ಉಪ್ಪುನೀರನ್ನು ನಿಧಾನವಾಗಿ ಬಿಟ್ಟು ಅದು ಎಲ್ಲಿ ಸೇರುತ್ತದೆಂದು ನೋಡೋಣ ಎಂದರು. ಬಿಗಿತ ಸಡಿಲವಾಗಲು ಒಂದು ಮಾತ್ರೆಯನ್ನೂ ಬರೆದರು.

ಈ ಎರಡನೆಯ ಪರೀಕ್ಷೆಯ ದಿನ ಜೊತೆಗಿದ್ದವಳು ನರ್ಸ್ ಮರಿಯಮ್ಮ, ಮಲ್ಲಂದೂರಿನವಳು. ಉಪ್ಪುನೀರಿನ ಬಾಟಲಿಯನ್ನು ಬಿಸಿನೀರಿನ ಬೇಸಿನ್ನಿನಲ್ಲಿಟ್ಟು ಮೊಣಕೈಗೆ ತಾಗಿಸಿ ಕಾವು ನೋಡುತ್ತ ಅವಳು ತನ್ನ ಗಂಡ ಲಕ್ಕಯ್ಯನ ವಿಷಯ ತೆಗೆದಳು.

"ನಮ್ಮನೆಯವ್ರಿಗೆ ಸೂಜಿ ಅಂದ್ರೆ ಆಗಲ್ಲ ಮಾರಾಯ್ತಿ. ತೋಟದಲ್ಲಿ ಕಾಟಿ, ಅಷ್ಟು ದೊಡ್ಡ ಕಾಡುಕೋಣ, ಎದುರಾದ್ರೆ ನಿಂತು ಬೈತಾರೆ. ಮೊನ್ನೆ ಟಿಟಿ ಇಂಜೆಕ್ಷನ್ ಅಂದಿದ್ದಕ್ಕೆ ಓಡಿಹೋಗಿ ಮೆಣಸಿನ ಏಣಿ ಹತ್ತಿ ಕೂತಿದಾರೆ. ಮೇಸ್ತ್ರಿ ಕೆಳಗೆ ನಿಂತು ಇಳೀರಿ ಅಂತಾನೆ, ಇವ್ರು ಮೆಣಸು ಕೊಯ್ತಿದೀನಿ ಅಂತಾರೆ. ಮೆಣಸು ಕೊಯ್ಲು ಮುಗಿದು ಆಗ್ಲೇ ಮೂರ್ನಾಲ್ಕು ತಿಂಗಳಾಗಿತ್ತು."

ಶಬನಂಗೆ ನಗು ತಡೆಯಲಾಗಲಿಲ್ಲ.

"ನಗು, ಬೇಕಾದಷ್ಟು ನಗು. ಹೊಟ್ಟೆ ಮಾತ್ರ ಬಿಗಿ ಹಿಡೀಬೇಡ" ಎಂದಳು ಮರಿಯಮ್ಮ. ಅಷ್ಟು ಹೊತ್ತಿಗೆ ನೀರು ಒಳಗೆ ಹೋಗಿಯೂ ಆಗಿತ್ತು. ಪರದೆಯ ಮೇಲೆ ಗರ್ಭಕೋಶದ ಹಿಂಬದಿಯಲ್ಲಿ, ಮೊದಲು ಏನೂ ಇರದ ಜಾಗದಲ್ಲಿ, ಕಪ್ಪಗಿನ ಒಂದು ಬಾಗು ಗೆರೆ ಮೂಡಿ ಮೆಲ್ಲಗೆ ದಪ್ಪವಾಯಿತು. ಡಾಕ್ಟರು ಅದರ ಮೇಲೆ ಬೆರಳಿಟ್ಟು ತೋರಿಸಿದರು. ಅದು ನೀರು, ಆಚೆ ಕಡೆಗೆ ಇಳಿದ ನೀರು.

ಫಲಿತಾಂಶ ಕೇಳಲು ಮನೆಯವರೆಲ್ಲ ಬಂದಿದ್ದರು. ಸೊಸೆಯ ಪರೀಕ್ಷೆಗೆ ಗಂಡಸರು, ಅದರಲ್ಲೂ ಮಾವ, ಬರುವ ರೂಢಿಯಿಲ್ಲ. ಆದರೆ ಮೊಹಿದ್ದೀನ್ ಸಾಹೇಬರು ಬೆಳಿಗ್ಗೆಯೇ ಸ್ನಾನ ಮಾಡಿ, ಟೋಪಿ ಹಾಕಿಕೊಂಡು, ಯಾರೂ ಕರೆಯದಿದ್ದರೂ ಜೀಪಿನ ಮುಂದಿನ ಸೀಟಿನಲ್ಲಿ ಕುಳಿತುಬಿಟ್ಟಿದ್ದರು. ಡಾಕ್ಟರ ಕೋಣೆಗೆ ಬಂದ ಮೇಲೆ ಕುರ್ಚಿಯನ್ನು ಪೂರ್ತಿ ತಿರುಗಿಸಿ ಗೋಡೆಯ ಕ್ಯಾಲೆಂಡರಿಗೆ ಎದುರಾಗಿ ಕುಳಿತರು.

"ಇವರು ಯಾಕೆ ಆ ಕಡೆ ಕೂತಿದಾರೆ?" ಎಂದು ಡಾಕ್ಟರು ಕೇಳಿದರು.

"ಅವರು ಹಾಗೇ ಮೇಡಂ. ಕೇಳಿಸ್ಕೊಳ್ತಾರೆ, ನೀವು ಹೇಳಿ" ಎಂದರು ಸುಗ್ರಾ ಬೀ.

ಡಾಕ್ಟರು ಹೇಳಿದರು. ನೀರು ಆಚೆಗೆ ಇಳಿದಿದೆ. ಎಂದರೆ ಕನಿಷ್ಠ ಒಂದು ನಾಳ ತೆರೆದಿದೆ. ಎಡದ್ದೋ ಬಲದ್ದೋ, ಒಂದೋ ಎರಡೋ ಎಂಬುದು ಇದರಲ್ಲಿ ಕಾಣುವುದಿಲ್ಲ. ನೀರು ಬಂದು ಸೇರಿದ್ದು ಕಾಣುತ್ತದೆ, ಯಾವ ದಾರಿಯಿಂದ ಬಂತು ಎಂಬುದು ಕಾಣುವುದಿಲ್ಲ.

ನಿಯಾಜ್ ಹೆಂಡತಿಯ ಮುಖ ನೋಡಿದ. ಆಗ ಕ್ಯಾಲೆಂಡರಿನ ಕಡೆಯಿಂದ ಧ್ವನಿ ಬಂತು.

"ಸುಗ್ರಾ, ಡಾಕ್ಟರಮ್ಮನ್ನ ಕೇಳು. ಮೊದಲ ಟೆಸ್ಟಿನಲ್ಲಿ ಎರಡು ಮೂಟೆಯೂ ಫೇಲ್. ಅಂದರೆ ಸೊನ್ನೆ. ಸರೀನಾ?"

ಡಾಕ್ಟರು ಮೂಟೆ ಎಂದರೇನೆಂದು ಸುಗ್ರಾ ಬೀಯನ್ನು ಸನ್ನೆಯಲ್ಲೇ ಕೇಳಿದರು. ಸುಗ್ರಾ ಬೀ ಸನ್ನೆಯಲ್ಲೇ ಹೇಳಿದರು. ಡಾಕ್ಟರ ಹುಬ್ಬು ಮೇಲೇರಿತು.

"ಸರಿ" ಎಂದರು ಡಾಕ್ಟರು, ತಡವರಿಸುತ್ತ.

"ಎರಡನೇ ಟೆಸ್ಟಿನಲ್ಲಿ ಒಂದು ಪಾಸ್, ಇಲ್ಲ ಎರಡು ಪಾಸ್. ನಡುವೆ ಹಿಡಿದರೆ ಒಂದೂವರೆ. ಸೊನ್ನೆಗೂ ಒಂದೂವರೆಗೂ ಸರಾಸರಿ ತೆಗೆದರೆ ಮುಕ್ಕಾಲು. ನಾನು ಬೆಳಿಗ್ಗೆ ಎದ್ದರೆ ಇದೇ ಕೆಲಸ ಮಾಡೋದು. ಮೂಟೆಯ ಮೇಲೆ, ನಡುವೆ, ತಳದಲ್ಲಿ ಕಾಳು ತೆಗೀತೀನಿ, ಮೀಟರಿಗೆ ಹಾಕಿ ತೇವ ನೋಡ್ತೀನಿ, ಮೂರಕ್ಕೂ ಸರಾಸರಿ ಹಿಡೀತೀನಿ. ಬೆಳೆಗಾರರು ಯಾರೂ ತಕರಾರು ಎತ್ತಲ್ಲ. ಮುಕ್ಕಾಲು ಅಂದರೆ ಒಳ್ಳೆ ಮಾಲು. ಅಷ್ಟಕ್ಕೆ ಖುಷಿಪಟ್ಟು ಮನೆಗೆ ಹೋಗೋಣ. ಫರ್ಹತ್‌ಳ ಮಗೂನೂ ಬರಲಿ, ಮುಕ್ಕಾಲೂ ಇರಲಿ."

ಮಲ್ಲಂದೂರಿನ ಮರಿಯಮ್ಮ ಈ ಪ್ರಸಂಗವನ್ನು ಹೇಳುವಾಗ ಸಾಹೇಬರು "ಅರ್ಧ" ಎಂದರು ಎನ್ನುತ್ತಾಳೆ. ಲೆಕ್ಕ ಕೂಡಿಸಿ ನೋಡಿದರೆ ಸುಗ್ರಾ ಬೀ ಅವರ "ಮುಕ್ಕಾಲು" ಸರಿ. ಆದ್ದರಿಂದ ಇಲ್ಲಿ ಅದನ್ನೇ ಉಳಿಸಿಕೊಳ್ಳಲಾಗಿದೆ.

ಡಾಕ್ಟರ್ ಯಶೋದಾ ಮೊದಲು ತುಟಿ ಕಚ್ಚಿದರು. ಆಮೇಲೆ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕೊನೆಗೆ ತಡೆಯಲಾರದೆ ಮುಖಕ್ಕೆ ಕೈ ಅಡ್ಡ ಹಿಡಿದು ನಕ್ಕುಬಿಟ್ಟರು. ಬಾಗಿಲಲ್ಲಿ ನಿಂತಿದ್ದ ಮರಿಯಮ್ಮ ಓಡಿಹೋಗಿ ಹೊರಗೆ ನಕ್ಕಳು. ಸಾಹೇಬರು ಕ್ಯಾಲೆಂಡರಿನ ಮೇಲಿಂದ ಕಣ್ಣು ತೆಗೆಯಲಿಲ್ಲ. ಆದರೆ ಅವರ ಕಿವಿ ಕೆಂಪಾಯಿತು.

"ತಪ್ಪು ತಿಳೀಬೇಡಿ ಸಾಹೇಬ್ರೆ" ಎಂದರು ಡಾಕ್ಟರು, ಕಣ್ಣೊರೆಸಿಕೊಂಡು. "ನಿಮ್ಮ ಲೆಕ್ಕ ಸರಿಯಾಗೇ ಇದೆ. ಆದರೆ ಈ ಎರಡು ಟೆಸ್ಟು ಒಂದೇ ಪ್ರಶ್ನೆ ಕೇಳಲ್ಲ. ಎಕ್ಸ್‌ರೇ ಕೇಳೋದು, ಆ ಹೊತ್ತಿಗೆ ಔಷಧ ಎಲ್ಲಿ ನಿಂತಿತು ಅಂತ. ಅದು ನಾಳದ ಒಳಗಿನ ದಾರಿಯನ್ನ ಗೆರೆ ಬರೆದಂಗೆ ತೋರಿಸತ್ತೆ, ಎಡ ಬಲ ಬೇರೆ ಬೇರೆ ಹೇಳತ್ತೆ, ಆದರೆ ಬಿಗಿತಕ್ಕೆ ಮೋಸ ಹೋಗತ್ತೆ. ಸ್ಕ್ಯಾನಿಂಗ್ ಕೇಳೋದು, ನೀರು ಆಚೆ ಇಳೀತಾ ಅಂತ. ಇಳಿದಿದ್ದು ಇಳಿದಿದ್ದೇ, ಅದು ಸುಳ್ಳಲ್ಲ. ಹಾಗಾಗಿ ಮುಚ್ಚಿದೆ ಅನ್ನೋ ಮಾತಿಗಿಂತ ತೆರೆದಿದೆ ಅನ್ನೋ ಮಾತಿಗೆ ನಾನು ಹೆಚ್ಚು ತೂಕ ಕೊಡ್ತೀನಿ. ಆದರೆ ಯಾವ ಕಡೆ ಅಂತ ಅದಕ್ಕೆ ಹೇಳಕ್ಕೆ ಬರಲ್ಲ."

"ಎರಡನ್ನೂ ಬಿಟ್ಟು ಇನ್ನೊಂದು ಇದೆಯಾ ಮೇಡಂ?" ಎಂದು ಕೇಳಿದವಳು ಶಬನಂ.

"ಇದೆ. ಲ್ಯಾಪರೋಸ್ಕೋಪಿ. ಹೊಕ್ಕುಳ ಹತ್ರ ಸಣ್ಣ ತೂತು ಮಾಡಿ ಕ್ಯಾಮೆರಾ ಇಳಿಸಿ ಕಣ್ಣಿಂದಲೇ ನೋಡೋದು. ಕೆಳಗಿನಿಂದ ನೀಲಿ ಬಣ್ಣ ಬಿಟ್ಟರೆ ನಾಳದ ತುದಿಯಿಂದ ಸುರಿಯೋದು ಕಾಣತ್ತೆ. ನಾಳದ ಹೊರಗೆ ಏನಾದರೂ ಅಂಟಿಕೊಂಡಿದ್ರೆ ಅದೂ ಕಾಣತ್ತೆ. ಬೇರೆ ಯಾವ ಟೆಸ್ಟಿಗೂ ಅದು ಅಷ್ಟು ಚೆನ್ನಾಗಿ ಕಾಣಲ್ಲ. ಆದರೆ ಮೈಮರೆಸಬೇಕು, ಅದೂ ಒಂದು ಆಪರೇಷನ್ನೇ. ಅದಕ್ಕೇ ಮೊದಲೇ ಅದಕ್ಕೆ ಹೋಗಲ್ಲ. ನಿನಗೆ ಎಡಗಡೆ ತಿಂಗಳು ತಿಂಗಳೂ ನೋವು ಬರತ್ತೆ ಅಂದಿದ್ಯಲ್ಲ, ಹಾಗಾಗಿ ಮಾಡಬಹುದು. ಆದರೆ ಆತುರ ಇಲ್ಲ. ಆರು ತಿಂಗಳು ಕಾದು ನೋಡಿದ್ರೂ ತಪ್ಪಿಲ್ಲ."

"ನನಗೆ ಆತುರ ಇದೆ ಮೇಡಂ" ಎಂದು ಶಬನಂ ಫರ್ಹತ್‌ಳ ಮಾತನ್ನು ಹೇಳಿದಳು. ಹಾಲು ಕುಡಿಸಿದ ಮೇಲೆ ಕೊಡಲಾಗದು ಎಂಬ ಮಾತನ್ನೂ ಹೇಳಿದಳು.

ಸುಗ್ರಾ ಬೀ ಸೊಸೆಯ ತೋಳು ಹಿಡಿದರು. "ಹೊಟ್ಟೆ ಕೊಯ್ಸೋದು ಬೇಡ ಬೇಟಿ. ಮಾವ, ನಿನ್ನ ಅಬ್ಬಾ, ಹೇಳಿದಂಗೆ ಮುಕ್ಕಾಲು ಸಾಕು."

ಶಬನಂ ಆ ಮನೆಗೆ ಬಂದ ಮೇಲೆ ಮಾವನ ಎದುರು ಅಷ್ಟು ಉದ್ದದ ಮಾತು ಆಡಿದ್ದು ಅದೇ ಮೊದಲು. ಅವಳೂ ಮಾವನನ್ನು ನೋಡಲಿಲ್ಲ. ಕಾಫಿ ಬೋರ್ಡಿನದೋ ಬ್ಯಾಂಕಿನದೋ ಆಗಿದ್ದ ಆ ಕ್ಯಾಲೆಂಡರಿಗೇ ಹೇಳಿದಳು.

"ಅಬ್ಬಾ, ಒಂದೇ ಮೀಟರಿನ ಮೂರು ಲೆಕ್ಕ ಆದರೆ ಸರಾಸರಿ ಹಿಡೀಬಹುದು. ಒಬ್ಬರು ಮೀಟರಿಗೆ ಹಾಕಿ ಹಸಿ ಅಂತಾರೆ, ಇನ್ನೊಬ್ಬರು ಹಲ್ಲಲ್ಲಿ ಕಚ್ಚಿ ಒಣ ಅಂತಾರೆ. ಆಗ ನೀವೇನು ಮಾಡ್ತೀರಿ?"

ಸಾಹೇಬರು ಕ್ಯಾಲೆಂಡರಿನ ಅಂಚನ್ನು ಬೆರಳಿಂದ ನೇರ ಮಾಡಿದರು.

"ಮೂಟೆ ಸುರಿದು ನೋಡ್ತೀನಿ" ಎಂದರು ಸಾಹೇಬರು.

"ಹಾಗಾದ್ರೆ ಸುರಿದು ನೋಡೋಣ ಅಬ್ಬಾ."

ಸಾಹೇಬರು ಟೋಪಿ ತೆಗೆದು, ಕೊಡವಿ, ಮತ್ತೆ ಹಾಕಿಕೊಂಡರು. "ಸುಗ್ರಾ, ಡಾಕ್ಟರಮ್ಮನಿಗೆ ಹೇಳು. ಬೇಟಿ ಹೇಳಿದಂಗೇ ಆಗಲಿ." ಅಷ್ಟು ಹೇಳಿ, ಸ್ವಲ್ಪ ತಡೆದು, "ತೂತು ಮಾತ್ರ ಸಣ್ಣದಿರಲಿ" ಎಂದು ಸೇರಿಸಿದರು.

ಲ್ಯಾಪರೋಸ್ಕೋಪಿಗೆ ದಿನ ಕೂಡಿಬರುವಷ್ಟರಲ್ಲಿ ಮಳೆ ಹಿಂದೆ ಸರಿದಿತ್ತು. ಅರೇಬಿಕಾ ಗಿಡಗಳಲ್ಲಿ ಕಾಯಿ ಬಣ್ಣ ತಿರುಗಿತ್ತು. ಫರ್ಹತ್‌ಗೆ ಎಂಟನೇ ತಿಂಗಳು ಹಿಡಿಯುವುದರಲ್ಲಿತ್ತು. ಅವಳು ಫೋನು ಮಾಡಿದಾಗಲೆಲ್ಲ, "ಯೋಚನೆ ಮಾಡಿದ್ಯಾ?" ಎಂದು ಕೇಳುತ್ತಿದ್ದಳು. "ಇನ್ನೂ ಇಲ್ಲ ಆಪಾ" ಎಂದರೆ ಅವಳ ಧ್ವನಿ ಹಗುರಾಗುತ್ತಿತ್ತು. ಹಗುರಾದದ್ದು ತನಗೂ ಗೊತ್ತಾಗಬಾರದೆಂಬಂತೆ ತಟ್ಟನೆ ಬೇರೆ ಮಾತು ತೆಗೆಯುತ್ತಿದ್ದಳು. ಶಬನಂ ಇದನ್ನು ಆಗ ಯಾರಿಗೂ ಹೇಳಲಿಲ್ಲ.

ಆ ದಿನ ಬೆಳಿಗ್ಗೆ ಅವಳನ್ನು ಒಳಗೆ ಕರೆದುಕೊಂಡು ಹೋದ ಮೇಲೆ ಆಸ್ಪತ್ರೆಯ ಮೊಗಸಾಲೆಯಲ್ಲಿ ಮೂವರು ಉಳಿದರು. ನಿಯಾಜ್ ಜೀಪಿನ ಕೀಲಿಯನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಹಾಕುತ್ತ ನಡೆದಾಡಿದ. ಸುಗ್ರಾ ಬೀ ತಸ್ಬಿಯ ಜಪಮಣಿ ಎಣಿಸುತ್ತ ಕುಳಿತರು. ಸಾಹೇಬರಿಗೆ ಅಲ್ಲಿ ಕ್ಯಾಲೆಂಡರು ಸಿಗಲಿಲ್ಲ. ಬೆಂಕಿ ಆರಿಸುವ ಕೆಂಪು ಸಿಲಿಂಡರಿನ ಎದುರು ನಿಂತು ಅದರ ಮೇಲಿನ ಸೂಚನೆಗಳನ್ನು ಓದತೊಡಗಿದರು. ಪೂರ್ತಿ ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರು.

ಬಾಗಿಲು ತೆರೆಯಿತು. ಡಾಕ್ಟರ್ ಯಶೋದಾ ಹಸಿರು ಗೌನಿನಲ್ಲೇ ಹೊರಗೆ ಬಂದರು. ನಿಯಾಜ್‌ನ ಕೈಯಿಂದ ಕೀಲಿ ಬಿತ್ತು. ಡಾಕ್ಟರು ಮೊದಲು ಅವನ ಕಡೆ ತಿರುಗಿ, "ಚೆನ್ನಾಗಿದಾಳೆ, ಎಚ್ಚರಾಗ್ತಿದಾಳೆ" ಎಂದರು. ಆಮೇಲೆ ಸಿಲಿಂಡರು ಓದುತ್ತಿದ್ದ ಬೆನ್ನಿನ ಕಡೆ ನೋಡಿ, ಸುಗ್ರಾ ಬೀಗೆ ಹೇಳಿದರು:

"ನಿಮ್ಮ ಸಾಹೇಬ್ರಿಗೆ ಹೇಳಿ. ಬಲದ ಮೂಟೆ ಪಾಸ್."

ಬೆನ್ನು ಅಲುಗಲಿಲ್ಲ. "ಎಡದ್ದು?" ಎಂಬ ಮಾತು ಮಾತ್ರ ಬಂತು. ಹೆಂಡತಿಯ ಮೂಲಕ ಕೇಳಬೇಕೆಂಬುದು ಅವರಿಗೆ ಮರೆತುಹೋಗಿತ್ತು.

"ಎಡದ್ದೂ ಪಾಸ್. ಎರಡರಿಂದಲೂ ನೀಲಿ ಬಣ್ಣ ಚೆನ್ನಾಗಿ ಸುರೀತು, ನಾನೇ ಕಣ್ಣಾರೆ ನೋಡಿದೆ. ಎಡದರ ಮೇಲೆ ಹೊರಗಡೆಯಿಂದ ಜೇಡರಬಲೆಯಂಥ ತೆಳು ಪೊರೆ ಅಂಟಿಕೊಂಡಿತ್ತು. ಎಕ್ಸ್‌ರೇಗೂ ಕಂಡಿರಲಿಲ್ಲ, ಸ್ಕ್ಯಾನಿಂಗಿಗೂ ಕಂಡಿರಲಿಲ್ಲ. ಬಿಡಿಸಿದೀನಿ."

ಮೊಹಿದ್ದೀನ್ ಸಾಹೇಬರು ಆಗ ತಿರುಗಿದರು. ಡಾಕ್ಟರ ಮುಖವನ್ನು ಅವರು ನೇರ ನೋಡಿದ್ದು ಅದೇ ಮೊದಲು. ಗಡ್ಡದ ಮೇಲೆ ನೀರಿಳಿಯುತ್ತಿತ್ತು. ಸುಗ್ರಾ ಬೀ ತಮ್ಮ ಸೆರಗನ್ನೇ ಅವರ ಕೈಗೆ ಕೊಟ್ಟರು. ಆಸ್ಪತ್ರೆಯ ಮಂದಿಯೆಲ್ಲ ನೋಡುತ್ತಿದ್ದಂತೆ ಅವರು ಅದರಲ್ಲೇ ಮುಖ ಒರೆಸಿಕೊಂಡರು.

"ಇನ್ನೊಂದು ಮಾತು" ಎಂದರು ಡಾಕ್ಟರು. "ದಾರಿ ತೆರೆದಿದೆ ಅಷ್ಟೇ. ನಾಳೆಯೇ ಮಗು ಆಗತ್ತೆ ಅಂತ ನಾನು ಹೇಳಲ್ಲ. ತಡ ಆಗಬಹುದು. ಅವಳನ್ನ ಕಾಡಬೇಡಿ."

"ಕಾಡೋರು ಯಾರು ಮೇಡಂ" ಎಂದರು ಸುಗ್ರಾ ಬೀ. "ಇನ್ನು ಮೇಲೆ ಟಿವಿಯ ರಿಮೋಟು ಅವಳ ಕೈಗೇ ಕೊಡ್ತೀನಿ."

ಡಾಕ್ಟರಿಗೆ ಅದು ಅರ್ಥವಾಗಲಿಲ್ಲ. ಆದರೂ ನಕ್ಕರು.

ಹೊಲಿಗೆ ಮಾಗಿದ ಮೇಲೆ ಶಬನಂ ಆಲ್ದೂರಿಗೆ ಹೋದಳು. ಫೋನಿನಲ್ಲಿ ಹೇಳಬೇಡಿ, ನಾನೇ ಹೇಳುತ್ತೇನೆ ಎಂದು ಮನೆಯವರಿಂದ ಮಾತು ತೆಗೆದುಕೊಂಡಿದ್ದಳು. ಸುಗ್ರಾ ಬೀ ಅಷ್ಟು ದಿನ ಬಾಯಿ ಕಟ್ಟಿಕೊಂಡು ಕೂತದ್ದು ಅದೊಂದೇ ಸಲ. ಉಬೈದ್‌ನ ಗ್ಯಾರೇಜು ಮನೆಯ ಮುಂದೆಯೇ ಇದೆ. ಅವನು ಒಂದು ಹಳೆಯ ಜೀಪಿನಡಿ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಫರ್ಹತ್ ಬಾಗಿಲ ಬಳಿ ಮಣೆಯ ಮೇಲೆ ಕುಳಿತು ಬಟಾಣಿ ಸುಲಿಯುತ್ತಿದ್ದಳು. ಶಬನಂಳನ್ನು ಕಂಡದ್ದೇ ಅವಳ ಕೈ ನಿಂತಿತು.

"ಯೋಚನೆ ಮಾಡಿದ್ಯಾ?"

"ಮಾಡಿದೆ ಆಪಾ." ಶಬನಂ ಅವಳ ಪಕ್ಕ ಕುಳಿತಳು. "ನಿಮ್ಮ ಮಗು ನಿಮ್ಮ ಹತ್ರಾನೇ ಇರಲಿ. ನನ್ನವು ಎರಡೂ ತೆರೆದಿವೆ ಅಂತೆ. ಡಾಕ್ಟರು ಕಣ್ಣಿಂದ ನೋಡಿದಾರೆ."

ಫರ್ಹತ್ ಬಟಾಣಿಯ ಬೋಗುಣಿಯನ್ನು ಕೆಳಗಿಟ್ಟಳು. "ಅಂದ್ರೆ ನನ್ನ ಮಗು ಬೇಡ ಅಂದಂಗಾಯ್ತು" ಎಂದು ಸಿಟ್ಟು ಮಾಡಿಕೊಳ್ಳಲು ನೋಡಿದಳು. ತುಟಿ ಅದಕ್ಕೆ ಒಪ್ಪಲಿಲ್ಲ. ಮೊದಲು ನಡುಗಿತು, ಆಮೇಲೆ ಅಗಲವಾಯಿತು. ಶಬನಂಳ ಕುತ್ತಿಗೆಗೆ ಬಿದ್ದು ಅಳುತ್ತ ನಗುತ್ತ ಹೇಳಿದಳು: "ಹಾಳಾದವಳೇ, ಇಷ್ಟು ದಿನ ತಗೊಂಡ್ಯಲ್ಲೇ. ದಿನಾ ಎದ್ದು ದೇವ್ರೆ, ಅವಳು ಹ್ಞೂಂ ಅನ್ನದೇ ಇರ್ಲಿ ಅಂತ ಬೇಡ್ತಿದ್ದೆ. ಆಮೇಲೆ ನಾನೆಷ್ಟು ಕೆಟ್ಟವಳು ಅಂತ ಅಳ್ತಿದ್ದೆ. ಕೊಟ್ಟ ಮಾತು, ಹಿಂದೆ ತಗೊಳ್ಳೋದು ಹೇಗೆ?"

"ನನಗೆ ಗೊತ್ತಿತ್ತು ಆಪಾ."

"ಗೊತ್ತಿದ್ದೂ ಹೇಳ್ಲಿಲ್ವಾ?"

"ಎಕ್ಸ್‌ರೇ ನಿಜ ಆಗಿದ್ರೆ? ಏನಂತ ಹೇಳ್ಲಿ?"

ಅಷ್ಟರಲ್ಲಿ ಜೀಪಿನಡಿಯಿಂದ ಉಬೈದ್‌ನ ತಲೆ ಹೊರಬಂತು. ಮುಖದ ತುಂಬ ಗ್ರೀಸು. "ಏನಾಯ್ತು, ಕೊಡೋದಾ, ಇಟ್ಕೊಳ್ಳೋದಾ?" ಎಂದು ಕೇಳಿದ.

"ಇಟ್ಕೊಳ್ಳೋದು" ಎಂದಳು ಫರ್ಹತ್.

ಅವನು ಮತ್ತೆ ಒಳಗೆ ಸರಿದ. ಸ್ವಲ್ಪ ಹೊತ್ತಿನ ಮೇಲೆ ಜೀಪಿನ ಅಡಿಯಿಂದ ಹಾಡು ಗುನುಗುವುದು ಕೇಳಿಸಿತು. ನಾಲ್ಕು ತಿಂಗಳಿನಿಂದ ಅವನು ಹಾಡಿಯೇ ಇರಲಿಲ್ಲವೆಂದು ಫರ್ಹತ್‌ಗೆ ಆಗ ಹೊಳೆಯಿತು.

ಕಾಫಿ ಕೊಯ್ಲು ಜೋರಾಗಿದ್ದ ದಿನಗಳಲ್ಲಿ ಹೆರಿಗೆಯಾಯಿತು. ಹೆಣ್ಣು ಮಗು. ಶಬನಂ ಆಸ್ಪತ್ರೆಯಲ್ಲೇ ಇದ್ದಳು. ನರ್ಸು ಬಟ್ಟೆಯಲ್ಲಿ ಸುತ್ತಿ ಹೊರಗೆ ತಂದ ಮಗುವನ್ನು ಮೊದಲು ಕೈಗೆ ತೆಗೆದುಕೊಂಡವಳು ಅವಳೇ. ಮುಖವನ್ನು ಚೆನ್ನಾಗಿ ನೋಡಿದಳು, ಮೂಗು ಉಬೈದ್‌ನದು ಎಂದು ಘೋಷಿಸಿದಳು, ಹಣೆಗೆ ತುಟಿ ತಾಗಿಸಿದಳು. ಆಮೇಲೆ ಒಳಗೆ ಹೋಗಿ ತಾನೇ ಫರ್ಹತ್‌ಳ ತೋಳಿನಲ್ಲಿ ಮಲಗಿಸಿ, "ಹಾಲು ಕುಡಿಸಿ ಆಪಾ" ಎಂದಳು.

ಸುಗ್ರಾ ಬೀ ಇಲ್ಲಿಗೆ ನಿಲ್ಲಿಸಿ, ಮೊರದಲ್ಲಿದ್ದ ಒಡಕು ಕಾಳನ್ನು ಪಕ್ಕಕ್ಕೆ ತಟ್ಟಿದರು. ಹೆಂಗಸರು ಕಾದರು. ಕೊನೆಗೆ ರಂಗಮ್ಮನೇ ಬಾಯಿಬಿಟ್ಟಳು.

"ಅಲ್ಲಮ್ಮಾ, ಶಬನಂದು ಏನಾಯ್ತು?"

"ಒಂದು ವರ್ಷ ಏನೂ ಆಗ್ಲಿಲ್ಲ. ನಾವು ಏನೂ ಕೇಳ್ಲಿಲ್ಲ, ಅವಳು ಏನೂ ಹೇಳ್ಲಿಲ್ಲ, ಚೆನ್ನಾಗೇ ಇದ್ವಿ. ಈಗ ಐದು ತಿಂಗಳು."

"ಐದು ತಿಂಗಳಾ? ಮತ್ತೆ ಅದನ್ನ ಮೊದಲು ಹೇಳೋದಲ್ವಾ, ಇಷ್ಟು ಹೊತ್ತು ನಮ್ಮ ಜೀವ ತಿಂದ್ರಿ" ಎಂದು ಒಬ್ಬಾಕೆ ಗದರಿದಳು.

"ಕೊನೆಗೆ ಆಗಿದ್ದನ್ನ ಕೊನೆಗೇ ಹೇಳ್ಬೇಕು ಮಾರಾಯ್ತಿ."

ಹೆಂಗಸರು ನಕ್ಕರು. ಬಿಸಿಲು ಗೋದಾಮಿನ ತಗಡಿನ ಆಚೆಗೆ ಇಳಿದಿತ್ತು. ಆರಿಸಿದ ಕಾಳನ್ನು ಚೀಲಕ್ಕೆ ಸುರಿದು, ಮೊರಗಳನ್ನು ಗೋಡೆಗೆ ಒರಗಿಸಿ, ಸೀರೆಗೆ ಹತ್ತಿದ್ದ ಹೊಟ್ಟನ್ನು ಕೊಡವಿಕೊಂಡು ಅವರು ಒಬ್ಬೊಬ್ಬರಾಗಿ ಎದ್ದರು. ಕೆಲವರು ಬಸ್ಸಿಗೆಂದು ಹೆದ್ದಾರಿಯ ಕಡೆ ನಡೆದರು. ಉಳಿದವರು ತೋಟದ ದಾರಿ ಹಿಡಿದು, ದಾರಿಯುದ್ದಕ್ಕೂ ಮಾತಾಡುತ್ತ, ಮನೆಗೆ ಹೋದರು.